ಏರ್ ರೈಫಲ್ ಪೆಲೆಟ್ಟಿನ ವೇಗ ಅಳೆಯುವ ಬಗೆ: ಕ್ರೋನೋಗ್ರಾಫ್ ಬಳಕೆಯ ಸಮಗ್ರ ಮಾರ್ಗದರ್ಶಿ

ಕ್ರೋನೋಗ್ರಾಫ್ ಕೈಗೆ ಬಂದ ಮೊದಲ ದಿನ ಬಹುತೇಕ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಒಂದು ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು) ಹೊಡೆದು, ಪರದೆಯ ಮೇಲೆ ಮೂಡಿದ ಅಂಕಿಯನ್ನು ಓದಿ, "ನನ್ನ ರೈಫಲ್ಲಿನ ವೇಗ ಇಷ್ಟು" ಎಂದು ಪುಸ್ತಕದಲ್ಲಿ ಬರೆದುಬಿಡುತ್ತಾರೆ. ನಾನೂ ಹಾಗೆಯೇ ಬರೆದಿದ್ದೆ. ಆ ಪುಟವನ್ನು ಈಗ ತೆಗೆದು ನೋಡಿದರೆ ಅಲ್ಲಿರುವ ಅಂಕಿ ಸೆಕೆಂಡಿಗೆ 316 ಮೀಟರ್ (ಮೀ/ಸೆ). ಸ್ಪರ್ಧೆಯ ಏರ್ ರೈಫಲ್ ಒಂದರಿಂದ ಅಷ್ಟು ವೇಗ ಬರುವುದೇ ಇಲ್ಲ. ಅದು ನೆತ್ತಿಯ ಮೇಲಿದ್ದ ಟ್ಯೂಬ್‌ಲೈಟ್ ಕೊಟ್ಟ ಅಂಕಿ. ಆ ಕಥೆ ಮುಂದೆ ಬರುತ್ತದೆ. ರೈಫಲ್ಲನ್ನು ಪರೀಕ್ಷಿಸುವ ಮೊದಲು ಯಂತ್ರವನ್ನು ಪರೀಕ್ಷಿಸಬೇಕು ಎಂಬುದನ್ನು ನಾನು ಕಲಿತದ್ದು ಆ ಪುಟದಿಂದ, ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿ ಸಾಗುತ್ತದೆ.

ವಿದೇಶಗಳಲ್ಲಿ ಕ್ರೋನೋಗ್ರಾಫ್ ಎಂದ ಕೂಡಲೇ ಮನೆಯಲ್ಲೇ ಮದ್ದು ತುಂಬಿದ ಕಾಡತೂಸಿನ ವೇಗ ಅಳೆಯುವ ಮಾತು ಬರುತ್ತದೆ. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಮೈಸೂರು, ಮಂಡ್ಯಗಳ ಶೂಟಿಂಗ್ ಅಭ್ಯಾಸಿಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು 0.177 ಅಂಗುಲದ, ಅಂದರೆ 4.5 ಮಿ.ಮೀ. ನಳಿಗೆಯ ಏರ್ ರೈಫಲ್. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅದಕ್ಕೆ ಸಂಬಂಧಿಸಿದ್ದು. ಅಳೆಯುವ ಶಾಸ್ತ್ರ ಎರಡಕ್ಕೂ ಒಂದೇ. ಮದ್ದಿನ ಅಳತೆಯ ಬದಲು ಇಲ್ಲಿ ಗಾಳಿಯ ಒತ್ತಡ, ಕಾಡತೂಸಿನ ಬದಲು ಪೆಲೆಟ್ಟಿನ ತೂಕ.

ಅಳೆಯುವುದು ಏತಕ್ಕೆ

ಕಾರಣಗಳು ಎರಡು. ಮೊದಲನೆಯದು ಕಾನೂನಿನದು. ಶಸ್ತ್ರಾಸ್ತ್ರ ನಿಯಮಗಳು 2016ರಂತೆ 0.177 ಅಂಗುಲ ಮೀರದ ನಳಿಗೆಯೂ 20 ಜೂಲ್ ಮೀರದ ಶಕ್ತಿಯೂ ಇರುವ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಶಕ್ತಿಯನ್ನು ನೇರವಾಗಿ ಅಳೆಯುವ ಉಪಕರಣ ನಮ್ಮ ಬಳಿ ಇರುವುದಿಲ್ಲ, ವೇಗ ಮತ್ತು ತೂಕದಿಂದ ಲೆಕ್ಕ ಹಾಕಬೇಕು. ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನ ಶಕ್ತಿ. 0.53 ಗ್ರಾಂ ಪೆಲೆಟ್ 20 ಜೂಲ್ ಮುಟ್ಟಬೇಕಾದರೆ ಅದರ ವೇಗ ಸೆಕೆಂಡಿಗೆ ಸುಮಾರು 275 ಮೀಟರ್ ಇರಬೇಕು. ಸ್ಪರ್ಧೆಯ ರೈಫಲ್ಲುಗಳು ಸಾಮಾನ್ಯವಾಗಿ 170ರಿಂದ 175 ಮೀ/ಸೆ ಆಸುಪಾಸಿನಲ್ಲಿ ಇರುತ್ತವೆ, ಅಂದರೆ 8 ಜೂಲಿನ ಹತ್ತಿರ. ಸ್ಪ್ರಿಂಗ್ ಬದಲಾಯಿಸಿದ, "ಪವರ್ ಜಾಸ್ತಿ ಮಾಡಿಸಿದ" ರೈಫಲ್ಲು ಯಾರ ಬಳಿಯಾದರೂ ಇದ್ದರೆ ಈ ಲೆಕ್ಕವನ್ನು ಇವತ್ತೇ ಮಾಡಿ ನೋಡಬೇಕು.

ಎರಡನೆಯದು ಸಮತೆ. 10 ಮೀಟರ್ ಶೂಟಿಂಗಿನಲ್ಲಿ ವೇಗ ಹೆಚ್ಚಿದ್ದಷ್ಟೂ ಅಂಕ ಹೆಚ್ಚು ಎಂಬುದಿಲ್ಲ. ಬೇಕಾದದ್ದು ಪ್ರತಿ ಹೊಡೆತಕ್ಕೂ ಒಂದೇ ವೇಗ. ಅದರ ಬೆಲೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿಕೊಂಡರೆ ಮುಂದಿನ ಅಂಕಿಗಳೆಲ್ಲ ಅರ್ಥವಾಗುತ್ತವೆ. 172 ಮೀ/ಸೆ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟಲು ಸುಮಾರು 0.06 ಸೆಕೆಂಡು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಗುರುತ್ವದಿಂದ ಸುಮಾರು 18 ಮಿ.ಮೀ. ಕೆಳಗಿಳಿಯುತ್ತದೆ. ವೇಗ 1 ಮೀ/ಸೆ ಕಡಿಮೆಯಾದರೆ ಇನ್ನೂ 0.2 ಮಿ.ಮೀ.ನಷ್ಟು ಕೆಳಗೆ ಬೀಳುತ್ತದೆ. ಏರ್ ರೈಫಲ್ ಟಾರ್ಗೆಟ್ಟಿನಲ್ಲಿ ದಶಮಾಂಶದ ಒಂದೊಂದು ಅಂಕಕ್ಕೆ, ಅಂದರೆ 10.4ರಿಂದ 10.5ಕ್ಕೆ, ಇರುವ ಅಂತರ 0.25 ಮಿ.ಮೀ. ಹೀಗಾಗಿ 1 ಮೀ/ಸೆ ಏರುಪೇರು ಒಂದು ದಶಮಾಂಶದ ಹತ್ತಿರ ಬರುತ್ತದೆ. 5 ಮೀ/ಸೆ ಏರುಪೇರಾದರೆ 1 ಮಿ.ಮೀ., ನಾಲ್ಕು ದಶಮಾಂಶ. ಅರವತ್ತು ಹೊಡೆತಗಳ ಪಂದ್ಯದಲ್ಲಿ ಇದು ಸಣ್ಣ ವಿಷಯವಲ್ಲ. ಹಾಗೆಂದು 0.5 ಮೀ/ಸೆ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳುವುದೂ ಬೇಡ. ನಮ್ಮ ಕೈ ನಡುಗುವುದು ಅದಕ್ಕಿಂತ ಹೆಚ್ಚು.

ಯಂತ್ರ ಒಳಗೆ ಏನು ಮಾಡುತ್ತದೆ

ಗುಂಡಿನ ವೇಗ ಅಳೆಯುವ ಆಸೆ ಹಳೆಯದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ, ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು ಅದು ಎಷ್ಟು ತೂಗಾಡಿತೆಂದು ನೋಡಿ ವೇಗ ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದ. ಅದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಇಂದಿನ ಯಂತ್ರದಲ್ಲಿ ದಿಮ್ಮಿಯ ಜಾಗಕ್ಕೆ ಬೆಳಕು ಬಂದಿದೆ.

ಒಂದರ ಮುಂದೊಂದು ಎರಡು ಬೆಳಕಿನ ಸೆನ್ಸರುಗಳಿರುತ್ತವೆ. ಪೆಲೆಟ್ ಮೊದಲ ಸೆನ್ಸರಿನ ಮೇಲೆ ಹಾಯ್ದಾಗ ಬೀಳುವ ನೆರಳು ಗಡಿಯಾರವನ್ನು ಶುರು ಮಾಡುತ್ತದೆ, ಎರಡನೆಯದರ ಮೇಲೆ ಹಾಯ್ದಾಗ ನಿಲ್ಲಿಸುತ್ತದೆ. ಅವುಗಳ ನಡುವಿನ ದೂರವನ್ನು ಆ ಸಮಯದಿಂದ ಭಾಗಿಸಿದರೆ ವೇಗ. ದೂರ 30 ಸೆಂ.ಮೀ. ಇದ್ದರೆ 172 ಮೀ/ಸೆ ಪೆಲೆಟ್ ಅದನ್ನು ದಾಟಲು 1.74 ಮಿಲಿಸೆಕೆಂಡ್ ಸಾಕು. ಇಲ್ಲಿಯೇ ಎಚ್ಚರ ಬೇಕಾದ ಜಾಗ: ಯಂತ್ರದ ಗಡಿಯಾರ ಎಷ್ಟು ನಿಖರವಾಗಿದ್ದರೂ, ಸೆನ್ಸರುಗಳ ನಡುವಿನ ದೂರ 1 ಮಿ.ಮೀ. ತಪ್ಪಿದರೆ ಫಲಿತಾಂಶ 0.33 ಶೇಕಡಾ, ಅಂದರೆ 0.6 ಮೀ/ಸೆ ಹತ್ತಿರ ತಪ್ಪುತ್ತದೆ. ಮಡಚುವ ಪ್ಲಾಸ್ಟಿಕ್ ಯಂತ್ರವನ್ನು ಪೂರ್ತಿ ಬಿಚ್ಚದೆ ಅರ್ಧ ಮಡಿಕೆಯಲ್ಲೇ ಇಟ್ಟರೆ ಆಗುವ ತಪ್ಪು ಇದೇ.

ಯಂತ್ರಗಳಲ್ಲಿ ಕೆಲವು ಬಗೆಗಳಿವೆ. ಆಕಾಶದ ಬೆಳಕನ್ನೇ ನಂಬಿದವು, ತಮ್ಮದೇ ಇನ್‌ಫ್ರಾರೆಡ್ ಬೆಳಕಿರುವವು, ಬ್ಯಾರಲ್ಲಿನ ತುದಿಗೆ ಕಟ್ಟುವ ಚಿಕ್ಕವು, ಪೆಲೆಟ್ಟಿನ ಹಿಂದೆ ರೇಡಿಯೋ ಅಲೆ ಕಳಿಸಿ ಅಳೆಯುವ ಡಾಪ್ಲರ್ ರೇಡಾರ್ ಯಂತ್ರಗಳು. ರೇಡಾರ್ ಚೆನ್ನಾಗಿದೆ, ಬೆಳಕಿನ ಹಂಗಿಲ್ಲ, ದುಬಾರಿ. ಬ್ಯಾರಲ್ಲಿಗೆ ಕಟ್ಟುವುದರಲ್ಲಿ ಸೆನ್ಸರುಗಳ ಅಂತರ ಕಡಿಮೆಯಾದ್ದರಿಂದ ದೂರದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಜೊತೆಗೆ ಬ್ಯಾರಲ್ ತುದಿಯ ತೂಕ ಬದಲಾಗಿ ರೈಫಲ್ಲಿನ ನಡತೆಯೇ ಬೇರೆಯಾಗಬಹುದು. ಮನೆಯೊಳಗೆ ಅಥವಾ ಕ್ಲಬ್ಬಿನ ಹಾಲಿನಲ್ಲಿ ಅಳೆಯುವವರಿಗೆ ತನ್ನದೇ ಬೆಳಕಿರುವ ಯಂತ್ರವೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅಗ್ಗವಾಗಿ ಸಿಗುತ್ತದೆಂದು ಆಕಾಶದ ಬೆಳಕಿನ ಯಂತ್ರ ಕೊಂಡವರು ಮುಂದಿನ ಭಾಗವನ್ನು ಎರಡು ಬಾರಿ ಓದಬೇಕು.

ಬೆಳಕು

ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಆ ಲೆಕ್ಕದಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಸೆನ್ಸರಿಗೆ ಚೆನ್ನಾಗಿ ಕಾಣುತ್ತದೆ. ಬೆಳಕು ಕುಗ್ಗಿದ ಕ್ಷಣವನ್ನು ಪೆಲೆಟ್ಟಿನ ನೆರಳೆಂದೇ ಅದು ತಿಳಿದು ಗಡಿಯಾರ ನಿಲ್ಲಿಸುತ್ತದೆ. ನನ್ನ 316 ಮೀ/ಸೆ ಬಂದದ್ದು ಹೀಗೆ. ವಿಚಿತ್ರವೆಂದರೆ ಅದೇ ದಿನ 30 ಹೊಡೆತಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಕಿಗಳು 170ರ ಆಸುಪಾಸಿನಲ್ಲೇ ಇದ್ದವು. ತಪ್ಪು ಅಂಕಿ ಪ್ರತಿ ಸಲವೂ ಬರುತ್ತಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ಬಂದದ್ದರಿಂದ ರೈಫಲ್ಲಿನ ಮೇಲೆ ಅನುಮಾನ ಹುಟ್ಟಿತು, ಎರಡು ವಾರ ಅದನ್ನು ಬಿಚ್ಚಿ ಜೋಡಿಸುವುದರಲ್ಲಿ ಕಳೆಯಿತು. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿಯೂ ಇದೇ ತೊಂದರೆ ಇರುತ್ತದೆ. ಪರಿಹಾರ ಸುಲಭ: 12 ವೋಲ್ಟ್ ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ಪಟ್ಟಿಯನ್ನು ಎರಡೂ ಸೆನ್ಸರುಗಳ ಮೇಲೆ ಸಮನಾಗಿ ಇಳಿಬಿಟ್ಟು, ನಡುವೆ ಬಟರ್ ಪೇಪರ್ ಹಿಡಿಸಬೇಕು. ಬ್ಯಾಟರಿಯ ಬೆಳಕು ಮಿನುಗುವುದಿಲ್ಲ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಹಳೆಯ ಕಾಲದ ತಂತಿ ಬಲ್ಬು ಸಿಕ್ಕರೆ ಅದೂ ಆಗುತ್ತದೆ. ಅದರ ತಂತಿ ಬಿಸಿಯಾಗಿಯೇ ಇರುವುದರಿಂದ ಮಿನುಗು ಬಹಳ ಕಡಿಮೆ.

ಹೊರಗೆ ಅಳೆಯುವವರಿಗೆ ಆಷಾಢದ ಮೋಡ ಕವಿದ ದಿನ ಒಳ್ಳೆಯದು. ಮೋಡವೇ ದೊಡ್ಡ ಬಟರ್ ಪೇಪರಿನಂತೆ ಬೆಳಕನ್ನು ಹರಡುತ್ತದೆ. ಏಪ್ರಿಲ್ ಮಧ್ಯಾಹ್ನದ ನೆತ್ತಿಯ ಬಿಸಿಲು ಸೆನ್ಸರಿಗೆ ನೇರ ಬಿದ್ದರೆ ಪೆಲೆಟ್ಟಿನ ನೆರಳು ಕಾಣುವುದೇ ಇಲ್ಲ. ಯಂತ್ರದ ಜೊತೆ ಬಂದ ಬಿಳಿ ಪ್ಲಾಸ್ಟಿಕ್ ಹೊದಿಕೆಗಳನ್ನು ಹಾಕಲೇಬೇಕು. ಮಂಡ್ಯದ ಕಡೆ ತೋಟದ ಮನೆಯ ಅಂಗಳದಲ್ಲಿ ಅಳೆಯುವಾಗ ಇನ್ನೊಂದು ಕಾಟವಿದೆ: ಗಾಳಿಗೆ ಆಡುವ ತೆಂಗಿನ ಗರಿಯ ನೆರಳು. ಪೆಲೆಟ್ ಹೊಡೆಯದೆಯೇ ಪರದೆಯ ಮೇಲೆ ಅಂಕಿ ಬಂದರೆ ತಲೆ ಎತ್ತಿ ಮರ ನೋಡಬೇಕು. ಯಂತ್ರವನ್ನು ಪೂರ್ತಿ ಬಿಸಿಲಿಗಾದರೂ ಪೂರ್ತಿ ನೆರಳಿಗಾದರೂ ಸರಿಸಿದರೆ ಸಾಕು.

ಸುರಕ್ಷತೆ ಮತ್ತು ಹಿಂದಿನ ತಡೆ

ಏರ್ ರೈಫಲ್ ಆಟಿಕೆಯಲ್ಲ. ಯಂತ್ರದ ಆಚೆಗೆ ಪೆಲೆಟ್ ನಿಲ್ಲಿಸುವ ಗಟ್ಟಿ ತಡೆ ಇರಲೇಬೇಕು. ಇಟ್ಟಿಗೆ ಗೋಡೆಗೆ ನೇರವಾಗಿ ಹೊಡೆದರೆ ಪೆಲೆಟ್ ಪುಟಿದು ಹಿಂದಕ್ಕೆ ಬರಬಹುದು. ನನ್ನ ಬಳಿ ಇರುವುದು 3 ಮಿ.ಮೀ. ಕಬ್ಬಿಣದ ತಗಡನ್ನು ಕೆಳಮುಖವಾಗಿ 45 ಡಿಗ್ರಿ ಓರೆಯಾಗಿ ಒಳಗೆ ಕೂರಿಸಿದ ಮರದ ಪೆಟ್ಟಿಗೆ. ಮುಂದೆ ಹಳೆಯ ಬಟ್ಟೆ ಗಿಡಿದ ಗೋಣಿ. ಪೆಲೆಟ್ ಬಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ, ದಾಟಿದರೂ ತಗಡಿಗೆ ಬಡಿದು ಕೆಳಗೆ ಬೀಳುತ್ತದೆ. ಕನ್ನಡಕ ಹಾಕಬೇಕು, ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳುವವರೂ ಹಾಕಬೇಕು. ತಾರಸಿಯ ಮೇಲೆ ಈ ಕೆಲಸ ಬೇಡ. ಅಲ್ಲಿ ತಡೆ ತಪ್ಪಿದ ಪೆಲೆಟ್ ಪಕ್ಕದ ಮನೆಯ ಅಂಗಳದಲ್ಲಿ ಬೀಳುತ್ತದೆ. ಪೆಲೆಟ್ ಸೀಸದ್ದು, ಆದ್ದರಿಂದ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುವ ರೈಫಲ್ಲಿನವರು ಸಿಲಿಂಡರಿನ ಮೇಲೆ ಕೊರೆದ ದಿನಾಂಕವನ್ನೂ ಒಮ್ಮೆ ಓದಬೇಕು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಅವಧಿ ಮೀರಿದ ಸಿಲಿಂಡರ್ ಬಳಸುವಂತಿಲ್ಲ. ಅವಧಿ ಹೆಚ್ಚೆಂದರೆ 10 ವರ್ಷ. 200 ಬಾರ್, ಅಂದರೆ ವಾತಾವರಣದ ಸುಮಾರು 200 ಪಟ್ಟು, ಒತ್ತಡದ ಲೋಹದ ಕೊಳವೆಯ ಹತ್ತಿರ ಮುಖವಿಟ್ಟು ನಿಲ್ಲುವವರು ನಾವೇ.

ಪೆಲೆಟ್ ಆರಿಸುವುದು

ಒಂದೇ ಡಬ್ಬಿಯ, ಒಂದೇ ಬ್ಯಾಚಿನ ಪೆಲೆಟ್ ಬಳಸಬೇಕು. ಡಬ್ಬಿಯ ಕೆಳಗೆ ಬ್ಯಾಚ್ ಸಂಖ್ಯೆಯೂ ತಲೆಯ ಅಳತೆಯೂ ಇರುತ್ತದೆ, ತಲೆಯ ಅಳತೆ ಸಾಮಾನ್ಯವಾಗಿ 4.49, 4.50, 4.51 ಮಿ.ಮೀ. ಎಂಬಂತೆ. ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ತೂಗಲು ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಮೈಸೂರಿನ ಅಶೋಕ ರಸ್ತೆಯ ಒಡವೆ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರಲ್ಲ, ಆ ಬಗೆಯದು. ಗಾಜು ಇಲ್ಲದ ಅಗ್ಗದ ತಕ್ಕಡಿಯಾದರೆ ಫ್ಯಾನ್ ಆರಿಸಬೇಕು, ಇಲ್ಲದಿದ್ದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಐವತ್ತು ಪೆಲೆಟ್ ತೂಗಿ, 528ರಿಂದ 532 ಮಿಲಿಗ್ರಾಂ ಒಳಗಿನವನ್ನು ಅಳತೆಗೆ ಎತ್ತಿಡಬೇಕು. ಗಾಳಿ ಕೊಡುವ ಶಕ್ತಿ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ಪೆಲೆಟ್ 5 ಮಿಲಿಗ್ರಾಂ ಭಾರವಾದರೆ ವೇಗ ಸುಮಾರು ಅರ್ಧ ಶೇಕಡಾ, ಅಂದರೆ 0.8 ಮೀ/ಸೆ ಹತ್ತಿರ ಇಳಿಯುತ್ತದೆ. ಈ ಕೆಲಸ ಮಾಡದೆ ರೈಫಲ್ಲಿನ ಏರುಪೇರನ್ನು ಹುಡುಕಿದರೆ ಸಿಗುವುದು ಪೆಲೆಟ್ಟಿನ ಏರುಪೇರು. ಸ್ಕರ್ಟ್, ಅಂದರೆ ಹಿಂಬದಿಯ ತೆಳು ಅಂಚು, ಸೊಟ್ಟಗಾದ ಪೆಲೆಟ್ಟನ್ನು ತೂಕ ಸರಿ ಇದ್ದರೂ ಪಕ್ಕಕ್ಕಿಡಬೇಕು. ಪಂದ್ಯಕ್ಕೆ ಬಳಸುವ ಪ್ರತಿ ಪೆಲೆಟ್ಟನ್ನೂ ತೂಗುವ ಹುಚ್ಚು ನನಗಿಲ್ಲ. ಪರೀಕ್ಷೆಗೆ ಮಾತ್ರ ತೂಗುತ್ತೇನೆ.

ಜೋಡಿಸುವುದು

ಯಂತ್ರವನ್ನು ಟ್ರೈಪಾಡ್ ಮೇಲೆ ಕೂರಿಸಿ, ಬ್ಯಾರಲ್ಲಿನ ಬಾಯಿಯಿಂದ ಮೊದಲ ಸೆನ್ಸರಿಗೆ 50 ಸೆಂ.ಮೀ. ಬಿಡಬೇಕು. ತೀರಾ ಹತ್ತಿರವಾದರೆ ಪೆಲೆಟ್ಟಿನ ಹಿಂದೆ ನುಗ್ಗುವ ಗಾಳಿಯೂ ತುಣುಕುಗಳೂ ಸೆನ್ಸರನ್ನು ಮೋಸಗೊಳಿಸಬಹುದು. ದೂರ ಹೆಚ್ಚಾದರೆ ಗಾಳಿಯ ತಡೆಯಿಂದ ವೇಗ ಕರಗುತ್ತದೆ. ಚಪ್ಪಟೆ ತಲೆಯ ಪೆಲೆಟ್ ಪ್ರತಿ ಮೀಟರಿಗೆ ಒಂದರಿಂದ ಎರಡು ಮೀ/ಸೆ ಕಳೆದುಕೊಳ್ಳುತ್ತದೆ. ಎಷ್ಟು ದೂರ ಇಟ್ಟಿರಿ ಎಂಬುದಕ್ಕಿಂತ ಪ್ರತಿ ಸಲವೂ ಅಷ್ಟೇ ದೂರ ಇಟ್ಟಿರಾ ಎಂಬುದು ಮುಖ್ಯ. ನಾನು 50 ಸೆಂ.ಮೀ. ಉದ್ದದ ಕಬ್ಬಿನ ಜಲ್ಲೆಯಂಥ ಬಿದಿರಿನ ಕಡ್ಡಿಯೊಂದನ್ನು ಯಂತ್ರದ ಚೀಲದಲ್ಲೇ ಇಟ್ಟಿದ್ದೇನೆ, ಟೇಪು ಹುಡುಕುವ ಕೆಲಸವಿಲ್ಲ.

ಈಗ ನೇರ. ಪೆಲೆಟ್ ಯಂತ್ರದ ಮೇಲೆ ಓರೆಯಾಗಿ ಹಾದರೆ ಅದು ಕ್ರಮಿಸುವ ದಾರಿ ಉದ್ದವಾಗುತ್ತದೆ, ಯಂತ್ರ ಕಡಿಮೆ ವೇಗ ತೋರಿಸುತ್ತದೆ. 5 ಡಿಗ್ರಿ ಓರೆಗೆ 0.65 ಮೀ/ಸೆ, 10 ಡಿಗ್ರಿಗೆ 2.6 ಮೀ/ಸೆ. ಕಣ್ಣಳತೆಯಲ್ಲಿ 5 ಡಿಗ್ರಿ ತಿಳಿಯುವುದಿಲ್ಲ. ಆದ್ದರಿಂದ ನೂಲು ಕಟ್ಟಬೇಕು. ರೈಫಲ್ಲಿನಲ್ಲಿ ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಬೋಲ್ಟ್ ತೆರೆದಿಟ್ಟು, ರೈಫಲ್ಲನ್ನು ಮರಳು ಚೀಲದ ಮೇಲೆ ಗುರಿಗೆ ನೇರ ಮಾಡಬೇಕು. ಬ್ಯಾರಲ್ ಬಾಯಿಯ ಪಕ್ಕದಿಂದ ಹಿಂದಿನ ತಡೆಯ ಮೇಲೆ ಗುರಿ ಇಟ್ಟ ಚುಕ್ಕೆಯವರೆಗೆ ಬಿಳಿ ನೂಲನ್ನು ಬಿಗಿಯಾಗಿ ಎಳೆದರೆ ಪೆಲೆಟ್ಟಿನ ದಾರಿ ಕಣ್ಣಿಗೆ ಕಾಣುತ್ತದೆ. ಆ ನೂಲು ಎರಡೂ ಸೆನ್ಸರುಗಳ ನಟ್ಟನಡುವೆ, ಎರಡರಿಂದಲೂ ಒಂದೇ ಎತ್ತರದಲ್ಲಿ ಹಾಯಬೇಕು. 10ರಿಂದ 15 ಸೆಂ.ಮೀ. ಎತ್ತರ ಸಾಕು. ಸ್ಕೋಪ್ ಇರುವ ರೈಫಲ್ಲಿನಲ್ಲಿ ನೋಟ ಬ್ಯಾರಲ್ಲಿಗಿಂತ 4-5 ಸೆಂ.ಮೀ. ಮೇಲಿರುತ್ತದೆ ಎಂಬುದನ್ನು ಮರೆತು, ಸ್ಕೋಪಿನಲ್ಲಿ ಗುರಿಗೆ ಅಡ್ಡ ಏನೂ ಕಾಣುತ್ತಿಲ್ಲವೆಂದು ಹೊಡೆದು ಸೆನ್ಸರಿಗೇ ಪೆಲೆಟ್ ಬಡಿಸಿದವರು ಉಂಟು. ನನ್ನ ಮೊದಲ ಯಂತ್ರದಲ್ಲಿ ಹೊದಿಕೆ ಹಿಡಿದಿದ್ದ ಎಡಗಡೆಯ ಕಡ್ಡಿ ಹೋದದ್ದೂ ಹಾಗೆಯೇ. ನೂಲು ಕಟ್ಟುವ ಅಭ್ಯಾಸ ಶುರುವಾದದ್ದು ಅದಾದ ಮೇಲೆ.

ಬ್ಯಾಟರಿ ಹೊಸದಿರಲಿ. 9 ವೋಲ್ಟ್ ಬ್ಯಾಟರಿ ಸೋತಾಗ ಕೆಲವು ಯಂತ್ರಗಳು ಆರಿಹೋಗುವ ಮೊದಲು ತಪ್ಪು ಅಂಕಿ ಕೊಡುತ್ತವೆ.

ಯಂತ್ರವನ್ನೇ ಪರೀಕ್ಷಿಸುವುದು

ಕ್ಲಬ್ಬಿನಲ್ಲಿ ಇನ್ನೊಂದು ಯಂತ್ರ ಸಿಕ್ಕರೆ ಎರಡನ್ನೂ ಒಂದರ ಹಿಂದೊಂದು ಇಟ್ಟು ಹತ್ತು ಹೊಡೆತ ಹೊಡೆಯಬೇಕು, ಆಮೇಲೆ ಸ್ಥಾನ ಅದಲುಬದಲು ಮಾಡಿ ಇನ್ನು ಹತ್ತು. ಎರಡರ ನಡುವೆ ಯಾವಾಗಲೂ ಒಂದೇ ವ್ಯತ್ಯಾಸ ಇದ್ದರೆ ಒಂದರ ದೂರದ ಅಳತೆ ತಪ್ಪಿದೆ, ತೊಂದರೆ ಇಲ್ಲ. ವ್ಯತ್ಯಾಸ ಹೊಡೆತದಿಂದ ಹೊಡೆತಕ್ಕೆ ಕುಣಿಯುತ್ತಿದ್ದರೆ ಯಾವುದೋ ಒಂದು ಯಂತ್ರಕ್ಕೆ ಬೆಳಕಿನ ಕಾಟವಿದೆ.

ಇನ್ನೊಂದು ಯಂತ್ರ ಸಿಗದವರಿಗೆ ಮೊಬೈಲ್ ಇದೆ. ಬ್ಯಾರಲ್ ಬಾಯಿಯ ಪಕ್ಕದಲ್ಲಿ ಮೊಬೈಲ್ ಇಟ್ಟು ಧ್ವನಿ ಮುದ್ರಿಸಿಕೊಂಡು, ಸರಿಯಾಗಿ 10 ಮೀಟರ್ ದೂರದ ತಗಡಿನ ಪೆಟ್ಟಿಗೆಗೆ ಹೊಡೆಯಬೇಕು. ಕಂಪ್ಯೂಟರಿನಲ್ಲಿ ಆ ಧ್ವನಿಯ ಅಲೆಯನ್ನು ಹಿಗ್ಗಿಸಿ ನೋಡಿದರೆ ಎರಡು ಗೆರೆಗಳು ಮೇಲೆದ್ದಿರುತ್ತವೆ: ಒಂದು ಹೊಡೆತದ ಸದ್ದು, ಇನ್ನೊಂದು ತಗಡಿನ ಸದ್ದು. ಅವುಗಳ ನಡುವಿನ ಸಮಯದಲ್ಲಿ ತಗಡಿನ ಸದ್ದು ನಮ್ಮವರೆಗೆ ವಾಪಸು ಬಂದ ಸಮಯವೂ ಸೇರಿದೆ. 25 ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗ 346 ಮೀ/ಸೆ, ಆದ್ದರಿಂದ 10 ಮೀಟರಿಗೆ 29 ಮಿಲಿಸೆಕೆಂಡ್ ಕಳೆಯಬೇಕು. ಉಳಿದದ್ದು ಪೆಲೆಟ್ಟಿನ ಪಯಣದ ಸಮಯ. ಇದು 10 ಮೀಟರಿನ ಸರಾಸರಿ ವೇಗವಾದ್ದರಿಂದ ಬಾಯಿಯ ಬಳಿಯ ವೇಗಕ್ಕಿಂತ ಕೆಲವು ಮೀ/ಸೆ ಕಡಿಮೆಯೇ ಬರಬೇಕು; ಹೆಚ್ಚು ಬಂದರೆ ಎಲ್ಲೋ ತಪ್ಪಿದೆ. ಅಲೆಯಲ್ಲಿ ಒಂದು ಮಿಲಿಸೆಕೆಂಡ್ ತಪ್ಪಾಗಿ ಓದಿದರೂ ಫಲಿತಾಂಶ 2.8 ಮೀ/ಸೆ ಹತ್ತಿರ ಬದಲಾಗುವುದರಿಂದ ಇದು ಒರಟು ತಾಳೆ ಅಷ್ಟೆ. ಆದರೆ 316ರಂಥ ಸುಳ್ಳು ಇಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ.

ಹೊಡೆಯುವುದು ಮತ್ತು ಬರೆಯುವುದು

ಸಿಲಿಂಡರ್ ತುಂಬಿದ ಕೂಡಲೇ ಅಳೆಯಬಾರದು. ತುಂಬುವಾಗ ಗಾಳಿ ಬಿಸಿಯಾಗಿರುತ್ತದೆ. ಹದಿನೈದು ನಿಮಿಷ ಬಿಡಬೇಕು. ಮೊದಲ ಐದು ಹೊಡೆತಗಳನ್ನು ಬರೆದುಕೊಂಡರೂ ಲೆಕ್ಕಕ್ಕೆ ಸೇರಿಸಬಾರದು. ಆಮೇಲೆ ಹತ್ತು ಹೊಡೆತ, ಪಂದ್ಯದಲ್ಲಿ ಹೊಡೆಯುವ ಗತಿಯಲ್ಲೇ, ನಿಮಿಷಕ್ಕೆ ಒಂದರಂತೆ. ಪ್ರತಿ ಅಂಕಿಯನ್ನೂ ಬಂದ ಕ್ರಮದಲ್ಲಿಯೇ ಬರೆಯಬೇಕು. ಯಂತ್ರವೇ ಸರಾಸರಿ ತೆಗೆದುಕೊಡುತ್ತದೆಂದು ಕೈಕಟ್ಟಿ ಕೂತರೆ ಕ್ರಮ ಕಳೆದುಹೋಗುತ್ತದೆ, ರೈಫಲ್ಲಿನ ರೋಗ ಇರುವುದು ಆ ಕ್ರಮದಲ್ಲಿ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ: 172.4, 171.8, 172.9, 172.1, 171.5, 172.6, 172.0, 173.1, 171.9, 172.2. ಸರಾಸರಿ 172.25 ಮೀ/ಸೆ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ವ್ಯಾಪ್ತಿ 1.6. ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆಯಲು ಪ್ರತಿ ಅಂಕಿಯಿಂದ ಸರಾಸರಿಯನ್ನು ಕಳೆದು, ವರ್ಗ ಮಾಡಿ, ಕೂಡಿಸಿದರೆ 2.265, ಅದನ್ನು ಹತ್ತರಿಂದಲ್ಲ, ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.50. ಪೆಲೆಟ್ 0.53 ಗ್ರಾಂ ಆದ್ದರಿಂದ ಶಕ್ತಿ 7.86 ಜೂಲ್. ಅಮೆರಿಕದ ಕೈಪಿಡಿ ನೋಡುವವರಿಗೆ ಇದೇ ವೇಗ ಸೆಕೆಂಡಿಗೆ 565 ಅಡಿ, ಪೆಲೆಟ್ 8.18 ಗ್ರೇನ್.

ಈ 0.50 ಎಂಬುದನ್ನು ಎಷ್ಟು ನಂಬಬಹುದು? ಹತ್ತು ಹೊಡೆತಗಳಿಂದ ತೆಗೆದ ವಿಚಲನೆಯ ನಿಜವಾದ ಬೆಲೆ ಅದರ 0.7 ಪಟ್ಟಿನಿಂದ 1.8 ಪಟ್ಟಿನವರೆಗೆ ಎಲ್ಲಿಯಾದರೂ ಇರಬಹುದು. ಐದೇ ಹೊಡೆತವಾದರೆ 0.6ರಿಂದ 2.9 ಪಟ್ಟು. ಹಾಗಾಗಿ ಐದು ಹೊಡೆತ ಹೊಡೆದು "ಈ ಡಬ್ಬಿ ಆ ಡಬ್ಬಿಗಿಂತ ಚೆನ್ನ" ಎಂದು ತೀರ್ಪು ಕೊಡುವವರ ಮಾತಿಗೆ ಬೆಲೆಯಿಲ್ಲ. ಎರಡು ಬ್ಯಾಚುಗಳನ್ನು ಹೋಲಿಸಬೇಕಾದರೆ ಒಂದೊಂದಕ್ಕೂ ಮೂವತ್ತು ಹೊಡೆತ ಬೇಕು, ಅದೂ ಮೊದಲು ಇದರ ಹತ್ತು, ಆಮೇಲೆ ಅದರ ಹತ್ತು ಎಂದು ಬದಲಾಯಿಸುತ್ತ. ಹತ್ತು ಹೊಡೆತದ ವ್ಯಾಪ್ತಿ ಸಾಮಾನ್ಯವಾಗಿ ವಿಚಲನೆಯ ಮೂರು ಪಟ್ಟಿನ ಹತ್ತಿರ ಇರುತ್ತದೆ. ಇದಕ್ಕಿಂತ ತೀರಾ ಹೆಚ್ಚು ಬಂದರೆ ಗುಂಪಿನೊಳಗೆ ಒಂದು ಹೊರಗಿನ ಅಂಕಿ ಕೂತಿದೆ ಎಂದು ತಿಳಿಯಬೇಕು.

ಆ ಹೊರಗಿನ ಅಂಕಿಯನ್ನು ತೆಗೆಯಬಹುದೇ? ನನ್ನ ನಿಯಮ ಇದು: ಅಂಕಿ ನೋಡುವ ಮೊದಲೇ ತಪ್ಪು ಗೊತ್ತಾಗಿದ್ದರೆ ತೆಗೆಯಬಹುದು, ಉದಾಹರಣೆಗೆ ಪೆಲೆಟ್ ಒಳಗೆ ಓರೆಯಾಗಿ ಕೂತದ್ದು ಬೆರಳಿಗೆ ತಿಳಿದಿದ್ದರೆ. ಅಂಕಿ ನೋಡಿದ ಮೇಲೆ ಕಾರಣ ಹುಡುಕಿ ತೆಗೆಯಬಾರದು.

ಅಂಕಿಗಳು ಹೇಳುವುದು

ಕ್ಲಬ್ಬಿನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಬಂದು, "ಸಾರ್, ಪ್ರತಿ ಸೀರೀಸಿನ ಮೊದಲನೇ ಶಾಟ್ ಮೇಲೆ ಹೋಗುತ್ತೆ, ಉಸಿರು ಸರಿ ಹಿಡೀತಿಲ್ಲ ಅಂತಾರೆ ಎಲ್ಲರೂ" ಎಂದಳು. ಆರು ತಿಂಗಳಿಂದ ಆ ಹುಡುಗಿ ಉಸಿರಾಟದ ಅಭ್ಯಾಸ ಮಾಡುತ್ತಿದ್ದಳು. ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು ಐದು ಹೊಡೆತ ಹೊಡೆದೆವು, ಹತ್ತು ನಿಮಿಷ ಬಿಟ್ಟೆವು, ಮತ್ತೆ ಐದು ಹೊಡೆದೆವು. ಹೀಗೆ ನಾಲ್ಕು ಸಲ. ನಾಲ್ಕು ಸಲವೂ ವಿರಾಮದ ನಂತರದ ಮೊದಲ ಹೊಡೆತ 175ರ ಮೇಲೆ, ಉಳಿದವು 172ರ ಆಸುಪಾಸಿನಲ್ಲಿ. ಮೂರೂವರೆ ಮೀ/ಸೆ ವ್ಯತ್ಯಾಸವೆಂದರೆ ಟಾರ್ಗೆಟ್ಟಿನಲ್ಲಿ 0.7 ಮಿ.ಮೀ. ಮೇಲೆ. ಉಸಿರಿನದು ತಪ್ಪಿರಲಿಲ್ಲ. ಸಿಲಿಂಡರಿನ ಹೆಚ್ಚಿನ ಒತ್ತಡವನ್ನು ಇಳಿಸಿಕೊಡುವ ರೆಗ್ಯುಲೇಟರಿನ ಸೀಲ್ ಸವೆದು, ರೈಫಲ್ ಸುಮ್ಮನಿದ್ದಾಗ ಒಳಗಿನ ಒತ್ತಡ ಮೆಲ್ಲಗೆ ಏರುತ್ತಿತ್ತು. ಸೀಲ್ ಬದಲಾಯಿಸಿ ಮತ್ತೆ ಅದೇ ಪರೀಕ್ಷೆ ಮಾಡಿದಾಗ ಮೊದಲ ಹೊಡೆತ ಉಳಿದವುಗಳ ನಡುವೆಯೇ ಕೂತಿತು. ಸರಾಸರಿಯನ್ನು ಮಾತ್ರ ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ಅಂಕಿಗಳು ಹೊಡೆತದಿಂದ ಹೊಡೆತಕ್ಕೆ ಒಂದೇ ಸಮ ಇಳಿಯುತ್ತ ಹೋದರೆ ಸಿಲಿಂಡರಿನ ಒತ್ತಡ ರೆಗ್ಯುಲೇಟರ್ ಬಯಸುವುದಕ್ಕಿಂತ ಕೆಳಗೆ ಬಂದಿದೆ. ಯಾವ ಒತ್ತಡದಲ್ಲಿ ಇಳಿಕೆ ಶುರುವಾಗುತ್ತದೆಂದು ಒಮ್ಮೆ ಗೇಜ್ ನೋಡುತ್ತ ಅಳೆದಿಟ್ಟರೆ, ಪಂದ್ಯದ ನಡುವೆ ಗಾಳಿ ಸಾಲದೆ ಹೋಗುವ ಭಯವಿರುವುದಿಲ್ಲ. ಕ್ರಮವಿಲ್ಲದೆ ಮೇಲೆ ಕೆಳಗೆ ಕುಣಿದರೆ ಮೊದಲು ಬೆಳಕು, ಆಮೇಲೆ ಪೆಲೆಟ್ಟಿನ ತೂಕ, ಆಮೇಲೆ ಬ್ಯಾರಲ್ಲಿನೊಳಗೆ ಅಂಟಿದ ಸೀಸ, ಕೊನೆಯಲ್ಲಿ ರೆಗ್ಯುಲೇಟರ್ ನೋಡಬೇಕು; ರಿಪೇರಿಯವರು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ರೆಗ್ಯುಲೇಟರ್ ಬಿಚ್ಚುತ್ತಾರೆ, ಬಿಲ್ಲು ಅಲ್ಲಿಂದಲೇ ಶುರುವಾಗುತ್ತದೆ. ಸ್ಪ್ರಿಂಗಿನಿಂದ ಗಾಳಿ ಒತ್ತುವ ರೈಫಲ್ಲಿನಲ್ಲಿ ಒಂದೊಂದು ಹೊಡೆತ ಥಟ್ಟನೆ 20-30 ಮೀ/ಸೆ ಹೆಚ್ಚಿ, ಬ್ಯಾರಲ್ ಬಾಯಿಯಲ್ಲಿ ತೆಳು ಹೊಗೆ, ಸುಟ್ಟ ಎಣ್ಣೆಯ ವಾಸನೆ ಬಂದರೆ ಒಳಗೆ ಹೆಚ್ಚಾದ ಎಣ್ಣೆ ಒತ್ತಡಕ್ಕೆ ಹೊತ್ತಿಕೊಳ್ಳುತ್ತಿದೆ. ಹೊಸ ರೈಫಲ್ಲಿನಲ್ಲಿ ಇದು ನೂರಿನ್ನೂರು ಹೊಡೆತಕ್ಕೆ ತಾನೇ ನಿಲ್ಲುತ್ತದೆ. ಪೇಟೆಯಲ್ಲಿ ಸಿಕ್ಕ ಎಣ್ಣೆಯನ್ನು ಬ್ಯಾರಲ್ಲಿಗೆ ಸುರಿದವರ ರೈಫಲ್ಲಿನಲ್ಲಿ ನಿಲ್ಲುವುದಿಲ್ಲ, ಅದನ್ನು ಬಿಚ್ಚಿ ಒರೆಸಬೇಕು.

ಪುಸ್ತಕದ ಪ್ರತಿ ಪುಟದ ಮೇಲ್ಭಾಗದಲ್ಲಿ ದಿನಾಂಕ, ಹೊತ್ತು, ಕೋಣೆಯ ಉಷ್ಣತೆ, ಸಿಲಿಂಡರಿನ ಒತ್ತಡ ಶುರುವಿನಲ್ಲಿ ಮತ್ತು ಕೊನೆಯಲ್ಲಿ, ಪೆಲೆಟ್ಟಿನ ಬ್ಯಾಚ್, ಯಂತ್ರದ ದೂರ, ಬೆಳಕು ಯಾವುದು, ಬ್ಯಾರಲ್ ಒರೆಸಿ ಎಷ್ಟು ಹೊಡೆತ ಆಯಿತು, ಇಷ್ಟು ಇರಬೇಕು. ಮೈಸೂರಿನ ಡಿಸೆಂಬರ್ ಬೆಳಗ್ಗೆ 16 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 34. ಅದೇ ರೈಫಲ್, ಅದೇ ಡಬ್ಬಿ ಆದರೂ ಎರಡು ದಿನದ ಅಂಕಿ ಒಂದೇ ಇರಬೇಕಾಗಿಲ್ಲ. ಅದಕ್ಕೇ ನಾನು ಮೂರು ತಿಂಗಳಿಗೊಮ್ಮೆ, ಬೆಳಗ್ಗೆ ಏಳರಿಂದ ಎಂಟರ ಒಳಗೆ, ತೂಗಿಟ್ಟ ಅದೇ ಬ್ಯಾಚಿನ ಹದಿನೈದು ಪೆಲೆಟ್ ಹೊಡೆದು ಬರೆದಿಡುತ್ತೇನೆ. ಆ ಬ್ಯಾಚಿನ ಒಂದು ಡಬ್ಬಿಗೆ ಟೇಪು ಸುತ್ತಿ, "ಪಂದ್ಯಕ್ಕಲ್ಲ" ಎಂದು ಬರೆದು, ಕ್ರೋನೋಗ್ರಾಫಿನ ಚೀಲದಲ್ಲಿ ಬಿದಿರು ಕಡ್ಡಿಯ ಪಕ್ಕ ಇಟ್ಟಿದ್ದೇನೆ.